ಟವೆಲ್ಲಿನ ಕೆಳಗೆ ಇಟಲಿ ಗಾಡಿ

ದಲಾಲಿ ಕಾಕಾನ ಬಲಗೈ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಚಹಾ ಕುಡಿಯುವಾಗಲೂ, ಮಠದಲ್ಲಿ ಪ್ರವಚನ ಕೇಳುವಾಗಲೂ ಹೆಗಲ ಟವೆಲ್ಲಿನ ಅಡಿಯಲ್ಲಿ ಮಡಚುತ್ತ, ಬಿಚ್ಚುತ್ತ, ಯಾರ ಜೊತೆಗೋ ವ್ಯಾಪಾರ ನಡೆಸಿರುತ್ತಿದ್ದವು. ಬೈಲಹೊಂಗಲದಲ್ಲಿ ನಮ್ಮ ಹಿತ್ತಲಿಗೆ ಹತ್ತಿದ ಮನೆ ಅವರದು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುವುದು ಅವರ ಕಸುಬು. ಬಾಯಿಬಿಟ್ಟು ಹೇಳಿದರೇನು ಎಂದು ಕೇಳಿದರೆ, "ಎತ್ತು ಎದುರಿಗೆ ನಿಂತಿರತೈತಿ ತಂಗಿ. ತನ್ನ ರೇಟು ತಾ ಕೇಳಿದ್ರ ಮನಸಿಗೆ ಹಚ್ಚಿಕೊಳ್ಳೂದಿಲ್ಲೇನು?" ಎನ್ನುತ್ತಿದ್ದರು. ಜಗತ್ತನ್ನೆಲ್ಲ ಎತ್ತಿನ ಲೆಕ್ಕದಲ್ಲೇ ನೋಡುವ ಮನುಷ್ಯ. ನನ್ನನ್ನು ನೋಡಲು ವರ ಬಂದ ದಿನ, "ಹಲ್ಲು ನೋಡೀರ್ಯೋ ಇಲ್ಲೋ?" ಎಂದು ಅಪ್ಪನನ್ನು ಕೇಳಿದ್ದು ವರನ ಕಿವಿಗೂ ಬಿತ್ತು. ಆ ಸಂಬಂಧ ಅಲ್ಲಿಗೇ ನಿಂತಿತು. ನನಗೇನೂ ಬೇಸರವಾಗಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ತಯಾರಾಗಿ, ಹಡಗಿನಲ್ಲಿ ಮುಂಬಯಿಗೆ ಬಂದು, ನಮ್ಮ ಅಜ್ಜನ ಕೈ ಸೇರಿದ ಕಾರೊಂದು ಸಂಪಗಾಂವದ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದರ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿಗಳು ಸಂಸಾರ ಹೂಡಿದ್ದವು. ಅಪ್ಪ ಹಟಕ್ಕೆ ಬಿದ್ದು ಬೆಳಗಾವಿಯಿಂದ ಮಿಸ್ತ್ರಿಗಳನ್ನು ಕರೆಸಿದರು. ಎಂಜಿನ್ ಬಿಚ್ಚಿಸಿ ಜೋಡಿಸಿ, ಕೆನೆಬಣ್ಣ ಬಳಿಸಿ, ಕೆಂಪು ಸೀಟು ಹೊಲಿಸಿ, ನನಗೆ ಓಡಿಸಲು ಕಲಿಸಿ, "ಇನ್ನ ನಿಂದು, ಇಟ್ಕೋ, ಇಲ್ಲಾ ಮಾರು" ಎಂದರು. ಅಬ್ಬಾ, ಆ ಗಾಡಿಯ ಚೆಲುವೇ! ಪೇಟೆಯಲ್ಲಿ ಹೋದರೆ ಹತ್ತಿಯ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಿದ್ದರು.

ಆದರೂ ಮಾರಲು ಹೊರಟೆ. ನಮ್ಮೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಶಾಲೆ ತೆರೆಯಬೇಕೆಂಬುದು ನನ್ನ ಹುಚ್ಚು. ಅದಕ್ಕೆ ಕಲಿಸುವವಳ ಕಾಲಿಗೂ ಬ್ರೇಕ್ ಇರುವ ಹೊಸ ಸಣ್ಣ ಕಾರು ಬೇಕು. ಇಟಲಿ ಗಾಡಿ ಹೋದರೆ ಅದು ಬರುತ್ತದೆ, ಹೋಗದಿದ್ದರೆ ಇಲ್ಲ. ಕಾಕಾ ತಾವಾಗಿಯೇ ದಲಾಲಿಗೆ ನಿಂತರು.

ಮೊದಲು ಬಂದವನು ಕಿತ್ತೂರಿನ ಕಡೆಯ ಹೋಟೆಲಿನವನು. ಒಳ್ಳೆಯ ಬೆಲೆಗೇ ಬೆರಳು ಒತ್ತಿದ. "ತಗೊಂಡು ಏನ್ ಮಾಡ್ತೀರಿ?" ಎಂದು ಕಾಕಾ ಕೇಳಿದರು. ಎಂಜಿನ್ ತೆಗೆಸಿ, ಒಳಗೆ ಹೂವಿನ ಕುಂಡ ಇಟ್ಟು, ಹೋಟೆಲಿನ ಮುಂದೆ ಚೆಂದಕ್ಕೆ ನಿಲ್ಲಿಸುತ್ತೇನೆ ಎಂದ. ಕಾಕಾ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ವ್ಯವಹಾರ ಮುಗಿಯಿತು.

ನನಗೆ ಮೈಯೆಲ್ಲ ಉರಿಯಿತು. "ಕಾಕಾ, ಮಾರಾಕಿ ನಾನು. ನಿಮಗ್ಯಾಕ ಅವನ ಉಸಾಬರಿ?" ಎಂದು ಕೂಗಿದೆ.

"ಗಾಡಿ ನಿಂದವ್ವಾ, ದಲಾಲಿ ನಂದು. ಕಡಿಯೋರಿಗೆ ನಾ ಎಂದೂ ಎತ್ತು ಕೊಡಿಸಿಲ್ಲ. ಉಣ್ಣಿಸಿ ದುಡಿಸೋರು ಬರ್ತಾರ, ತಡಿ."

ತಡೆದೆ. ಶಾಲೆಯ ಆಸೆ ಬಿಟ್ಟೇಬಿಟ್ಟಿದ್ದೆ. ಅಷ್ಟರಲ್ಲಿ ಧಾರವಾಡದಿಂದ ಡಾಕ್ಟರಮ್ಮ ಒಬ್ಬರು ಬಂದರು. "ನನಗ ದಿನಾ ದವಾಖಾನಿಗೆ ಓಡಿಸಾಕ ಬೇಕ್ರಿ" ಎಂದರು. ಕಾಕಾನ ಮುಖ ಅರಳಿತು. "ಹಂಗಾರ ಗುಡ್ಡ ಹತ್ತಿಸಿ ನೋಡ್ರಿ. ಹೇರು ಹೇರದ ಎತ್ತಿನ ಬಲ ತಿಳಿಯೂದಿಲ್ಲ."

ಹೇರು ಎಂದು ಅವರು ಹುಡುಕಿ ತಂದದ್ದು ಗರಡಿಮನೆಯ ಮೂವರು ಪೈಲ್ವಾನರನ್ನು! ಅವರು ಹಿಂದೆ ಕೂತಾಗ ಗಾಡಿಯ ಬೆನ್ನು ನೆಲ ಮುಟ್ಟಿದಂತಾಯಿತು. ಉದ್ದನೆಯ ಮುಂದಿನ ಸೀಟಿನಲ್ಲಿ ನಾನು, ನಡುವೆ ಡಾಕ್ಟರಮ್ಮ, ಕಿಟಕಿಗೆ ಕಾಕಾ. ಮುನವಳ್ಳಿ ದಾಟಿ ಸವದತ್ತಿಗೆ ಹೋಗುವವರೆಗೂ ಅವರು ತಮ್ಮ ಬೆರಳು ಮಡಚಿ ತೋರಿಸುತ್ತ ಡಾಕ್ಟರಮ್ಮನಿಗೆ ಸಂತೆಯ ಲೆಕ್ಕ ಕಲಿಸಿದರು. ಎಲ್ಲಮ್ಮನ ಗುಡ್ಡದ ಏರು ಬಂತು. ಸ್ಟೀರಿಂಗ್ ಪಕ್ಕದ ಗೇರನ್ನು ಇಳಿಸಿದೆ. ಎಂಜಿನ್ ಒಮ್ಮೆ ಗುಟುರು ಹಾಕಿ ಎದ್ದಿತು. "ಹೊಯ್, ಹೊಯ್, ಹತ್ತು ನನ್ನ ರಾಜಾ!" ಎಂದು ಕಾಕಾ ಬಾಗಿಲು ಬಡಿದರು, ಪೈಲ್ವಾನರು ತೊಡೆ ತಟ್ಟಿ ಶಡ್ಡು ಹೊಡೆದರು. ಎಲ್ಲೂ ನಿಲ್ಲದೆ ತುದಿ ಮುಟ್ಟಿದಾಗ ನಾನೂ ಗಂಟಲು ಹರಿಯುವಂತೆ ಕೂಗಿದ್ದೆ.

ಇಳಿದ ಕೂಡಲೇ ಡಾಕ್ಟರಮ್ಮ, "ಎಷ್ಟಕ್ಕ ಕೊಡ್ತೀರಿ?" ಎಂದರು. ಕಾಕಾ "ಶ್!" ಎಂದು ಗಾಡಿಯ ಬಾನೆಟ್ಟಿನ ಕಡೆ ನೋಡಿದರು. ಟವೆಲ್ ಬಿಚ್ಚಿ ಹಾಸಿ ಕೈ ಚಾಚಿದವರು, ಎದುರಿಗೆ ಬಂದ ಬಳೆಯ ಕೈ ನೋಡಿ ಹಿಂದಕ್ಕೆ ಸರಿದರು. ಸಂತೆಯಲ್ಲಿ ಹೆಂಗಸಿನ ಕೈ ಆ ಟವೆಲ್ಲಿನ ಕೆಳಗೆ ಎಂದೂ ಬಂದಿರಲಿಲ್ಲ. ಹಿಡಿಯಲಾರರು, ಬಾಯಿಂದ ಹೇಳಲೂ ಆರರು. ಇದೂ ಕೈತಪ್ಪಿತು ಎಂದುಕೊಂಡೆ.

ಕಾಕಾ ಟವೆಲ್ಲನ್ನು ನನ್ನ ಕೈಮೇಲೆ ಹೊದಿಸಿದರು. "ಹಿಡಿ ತಂಗಿ. ನಾ ಅತ್ತಾಗ ನೋಡ್ತೇನಿ" ಎಂದು, ದೂರದ ನವಿಲುತೀರ್ಥದ ನೀರಿನ ಕಡೆ ಮುಖ ಮಾಡಿ ನಿಂತರು. ಡಾಕ್ಟರಮ್ಮ ಬೆರಳು ಒತ್ತಿದರು. ಕಡಿಮೆಯಾಯಿತು. ಆದರೂ ಒಪ್ಪಿಬಿಡೋಣ ಎಂದು ನನ್ನ ಕೈ ಸಡಿಲವಾಗುತ್ತಿತ್ತು. ಕಾಕಾ ಹಿಂದಿರುಗಿ ನೋಡದೆಯೇ, "ಗುಡ್ಡ ಹತ್ತೈತಿ ನಮ್ಮ ಎತ್ತು, ಬಾಗಬ್ಯಾಡ" ಎಂದರು. ಇನ್ನೊಂದು ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದೆ. ಡಾಕ್ಟರಮ್ಮ ನಕ್ಕು, ಒಪ್ಪಿದೆನೆಂದು ಇಡೀ ಅಂಗೈ ಒತ್ತಿದರು. "ಆತು!" ಎಂದು ನಾನು ಚೀರಿದ ರಭಸಕ್ಕೆ ಪೈಲ್ವಾನನೊಬ್ಬ ಬೆಚ್ಚಿಬಿದ್ದ.

ಶಾಲೆ ಶುರುವಾಯಿತು. ಮೊದಲ ದಿನವೇ ಕಾಕಾ ತಮ್ಮ ಸೊಸೆಯನ್ನು ಕರೆತಂದು, "ನೊಗ ಹೊಸಾದು ಇಕಿಗೆ, ಬೆದರಿಸಬ್ಯಾಡ" ಎಂದು ಬಿಟ್ಟುಹೋದರು. ಆಮೇಲೆ ಸಂತೆಯ ಗೆಳೆಯರ ಮನೆಗಳಿಂದಲೂ ಒಬ್ಬೊಬ್ಬರನ್ನೇ ಕಳಿಸತೊಡಗಿದರು.

ಕೆಲವು ವರ್ಷಗಳ ಮೇಲೆ ಅವರಿಗೆ ಎದೆನೋವು ಬಂದಾಗ ಬೆಳಗಾವಿಗೆ ಕಾರು ಓಡಿಸಿದ್ದು ಅದೇ ಸೊಸೆ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಲಾರಿಯೊಂದನ್ನು ಆಕೆ ಸರಾಗವಾಗಿ ಹಿಂದೆ ಹಾಕಿದಾಗ ಕಣ್ಣು ತೆರೆದು, "ಭಾರಿ ಹೊಡಿತಾಳಲ್ಲ! ಯಾರ್ ಕಲಿಸ್ಯಾರ?" ಎಂದರು.

"ನಾನ ಕಾಕಾ."

"ಸುಳ್ಳ. ನಾ ಕಲಿಸೇನಿ."

"ಹೌದು ಕಾಕಾ, ನೀವ ಕಲಿಸೀರಿ" ಎಂದೆ. ಅದು ನಿಜವೇ ಆಗಿತ್ತು, ನನಗೆ ಅಳು ತಡೆಯಲಾಗಲಿಲ್ಲ.

ಆಸ್ಪತ್ರೆಯಿಂದ ಅವರು ಜೀವಂತ ಮರಳಲಿಲ್ಲ. ಮಣ್ಣು ಮಾಡುವ ದಿನ ಯರಗಟ್ಟಿಯಿಂದ, ಸವದತ್ತಿಯಿಂದ, ರಾಮದುರ್ಗದಿಂದ ಕಾರುಗಳು ಬಂದು ನಮ್ಮ ಓಣಿ ತುಂಬಿತು. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನಿಂದ ರುಮಾಲು ಸುತ್ತಿದ ಸಂತೆಯ ಹಿರಿಯರು ಇಳಿದರು. ಓಡಿಸಿಕೊಂಡು ಬಂದವರು ಅವರ ಮನೆಯ ಹೆಂಗಸರು.