ಒಳಚೈನಿನ ಬಿಗಿ ಜಾಗ

ಸೋಮವಾರ ಬೆಳಿಗ್ಗೆ ಕರಿಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದಾಗ ಒಮ್ಮೊಮ್ಮೆ ನನ್ನ ತೋರುಬೆರಳಿನ ಉಗುರಿನಡಿ ಒಂದು ಕಪ್ಪು ಗೆರೆ ಕಾಣುತ್ತದೆ. ಸಾಬೂನು, ಸೀಮೆಎಣ್ಣೆ, ನಿಂಬೆಹೋಳು, ಹೆಂಡತಿ ಪಾತ್ರೆ ತಿಕ್ಕುವ ಬೂದಿ, ಯಾವುದಕ್ಕೂ ಬಗ್ಗದ ಗೆರೆ. ಸೇಡಂನ ನಮ್ಮ ಶಾಲೆಯ ಮಕ್ಕಳು ಅದನ್ನು ಕಂಡು ತಮ್ಮತಮ್ಮಲ್ಲೇ ನಗುತ್ತಾರೆ. ನಗದವಳೆಂದರೆ ನಮ್ಮವ್ವ. ರಾವೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಎಬ್ಬಿಸುತ್ತ ಎಬ್ಬಿಸುತ್ತ ಅಪ್ಪನ ಉಗುರುಗಳು ಬೂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದವಳು ಆಕೆ; ನಮ್ಮ ಮನೆತನದಲ್ಲಿ ಮೊಟ್ಟಮೊದಲು ಪದವಿ ಪಡೆದ ಮಗನ ಉಗುರಾದರೂ ಬೆಳ್ಳಗಿರಲಿ ಎಂಬುದು ಆಕೆಯ ಸಣ್ಣ ಆಸೆ, ನ್ಯಾಯವಾದ ಆಸೆ. "ಪೆನ್ನು ಹಿಡಿಯೋ ಕೈಗಿ ಇದೇನೋ ಹಚ್ಕೊಂಡಿ?" ಎಂದು ಕೇಳುತ್ತಾಳೆ. ನನ್ನ ಪದವಿಯ ಬಗ್ಗೆ ನನಗೂ ಹೆಮ್ಮೆಯಿದೆ, ಅದನ್ನು ಮುಚ್ಚಿಡುವ ವಿನಯ ನನಗಿಲ್ಲ. ಆದರೆ ಈ ಗೆರೆಯೂ ಆ ಪದವಿಯ ನೆಂಟನೇ ಎಂಬುದನ್ನು ಅವ್ವನಿಗೆ ವಿವರಿಸುವುದು ಕಷ್ಟ. ನಿಮಗಾದರೆ ಹೇಳಬಹುದು.

ಮೋಟಾರ್ ಸೈಕಲ್ಲಿಗೆ ಚೈನು ಒಂದೇ ಎಂದು ನೀವು ತಿಳಿದಿರಬಹುದು. ಹಿಂದಿನ ಗಾಲಿಯನ್ನು ತಿರುಗಿಸುವ ಆ ಚೈನು ಎಲ್ಲರ ಕಣ್ಣಿಗೂ ಬೀಳುತ್ತದೆ, ಧೂಳು ತಿನ್ನುತ್ತದೆ, ಎಣ್ಣೆ ಬೇಡುತ್ತದೆ, ಧೋತರದ ಚುಂಗು ಹಿಡಿದು ಎಳೆಯುತ್ತದೆ. ಹಳೆಯ ಬುಲೆಟ್ ಗಾಡಿಗೆ ಇನ್ನೊಂದು ಚೈನು ಇರುತ್ತದೆ. ಎಡಮಗ್ಗುಲಿನ ಮುಚ್ಚಳದೊಳಗೆ ಎಣ್ಣೆಯಲ್ಲಿ ಮಿಂದುಕೊಂಡು, ಇಂಜಿನ್ನಿನ ಕಸುವನ್ನು ಮೊದಲಿಗೆ ಹೊತ್ತು ಕ್ಲಚ್ಚಿಗೆ ಮುಟ್ಟಿಸುವುದು ಅದೇ. ಅದು ಸಡಿಲಾದರೆ ಮುಚ್ಚಳಕ್ಕೆ ಬಡಿದುಕೊಂಡು ಗದ್ದಲ ಮಾಡುತ್ತದೆ. ಬಿಗಿಯಾದರೆ ಸಣ್ಣಗೆ ನರಳುತ್ತದೆ. ಹಾಗೆ ನರಳುತ್ತಲೇ ಬೇರಿಂಗುಗಳನ್ನು ತಿಂದುಹಾಕುತ್ತದೆ. ಬೆರಳಿಂದ ಎತ್ತಿದರೆ ಒಂದು ಪೆನ್ಸಿಲ್ಲಿನ ದಪ್ಪದಷ್ಟು ಮೇಲೆ ಕೆಳಗೆ ಆಡಬೇಕು. ಅಷ್ಟೇ ಅದರ ಹದ.

ನಮ್ಮ ಗಾಡಿ ಮೊದಲು ಮೈಬೂಬನ ಅಪ್ಪನದಾಗಿತ್ತು. ಮೈಬೂಬ ವಾಡಿಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳೆಯ, ಈಗ ಶಹಾಬಾದಿನಲ್ಲಿ ಫರಸಿಗೆ ಪಾಲಿಶ್ ಹಾಕುವ ಸಣ್ಣ ಕಾರಖಾನೆ ಇಟ್ಟುಕೊಂಡಿದ್ದಾನೆ. ಪದವಿಯ ಕೊನೆಯ ವರ್ಷ, ಪರೀಕ್ಷೆಯ ಮುಂಜಾನೆ, ವಾಡಿ ಸ್ಟೇಶನ್ನಿನಲ್ಲಿ ರೈಲು ಬರುವ ಸುಳಿವೇ ಇಲ್ಲದೆ ನಾನು ಹಾಲ್ ಟಿಕೀಟು ಹಿಡಿದುಕೊಂಡು ಹಳಿಗಳನ್ನು ನೋಡುತ್ತ ನಿಂತಿದ್ದಾಗ, ಅಪ್ಪನಿಗೆ ಹೇಳದೆ ಗಾಡಿ ತಂದು ನನ್ನನ್ನು ಹಿಂದೆ ಕೂರಿಸಿಕೊಂಡು ಕಲಬುರಗಿ ಮುಟ್ಟಿಸಿದವನು ಅವನು. ಅಂದು ಅವನು ಬಾರದಿದ್ದರೆ ನಾನು ಇಂದು ಏನಾಗಿರುತ್ತಿದ್ದೆನೋ, ಆ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ಅವನ ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಗಾಡಿಯನ್ನು ಗುಜರಿಗೆ ಹಾಕುವ ಮಾತಾಡಿದಾಗ ನಾವಿಬ್ಬರೂ ಸೇರಿ ಅದನ್ನು ಉಳಿಸಿಕೊಂಡೆವು. ಒಂದು ತಿಂಗಳು ಅವನ ಬಾಗಿಲಲ್ಲಿ, ಒಂದು ತಿಂಗಳು ನನ್ನ ಬಾಗಿಲಲ್ಲಿ. ತಿಂಗಳ ಮೊದಲ ಆದಿತ್ಯವಾರ ಇಬ್ಬರಿಗೂ ನಡುವೆ ಬೀಳುವ ಚಿತ್ತಾಪುರದಲ್ಲಿ, ಬಸ್ ನಿಲ್ದಾಣದ ಎದುರಿನ ಶರಣಮ್ಮನ ಚಹಾದಂಗಡಿಯ ಮುಂದೆ ಅದಲುಬದಲು. ಗಾಡಿಯ ಮೇಲೆ ಬಂದವನು ಬಸ್ಸಿನಲ್ಲಿ ಮರಳಬೇಕು, ಬಸ್ಸಿನಲ್ಲಿ ಬಂದವನು ಗಾಡಿಯ ಮೇಲೆ. ನಡುವೆ ಒಂದು ತಟ್ಟೆ ಚುರುಮುರಿ ಸುಸಲಾ, ಒಂದು ಚಹಾ, ಕೀಲಿಕೈ ಅವನ ಕೈಯಿಂದ ನನ್ನ ಕೈಗೆ. ಗಾಡಿಯನ್ನು ನಾವು ಇಷ್ಟು ಸರಿಯಾಗಿ ಹಂಚಿಕೊಂಡಿದ್ದೆವೆಂದರೆ, ಇಬ್ಬರೂ ಒಟ್ಟಿಗೆ ಅದರ ಮೇಲೆ ಕೂತು ವರ್ಷಗಳೇ ಆಗಿದ್ದವು.

ಜಗಳ ಹುಟ್ಟಿದ್ದು ಒಳಚೈನಿನಿಂದ. ಗಾಡಿ ನನಗೆ ಬಂದಾಗಲೆಲ್ಲ ಮುಚ್ಚಳ ಬಿಚ್ಚಿ ನೋಡಿದರೆ ಚೈನು ತಂಬೂರಿಯ ತಂತಿಯಂತೆ ಬಿಗಿದಿರುತ್ತಿತ್ತು. ಸಡಿಲು ಮಾಡುತ್ತಿದ್ದೆ. ಅವನಿಗೆ ಹೋದಾಗ ಅವನು ಬಿಚ್ಚಿ ನೋಡಿದರೆ ಅದು ಜೋಲು ಬಿದ್ದಿರುತ್ತಿತ್ತಂತೆ. ಬಿಗಿ ಮಾಡುತ್ತಿದ್ದ. ಹೀಗೆ ಎಷ್ಟೋ ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತ ಬಂದೆವು. ಕಳೆದ ಚಳಿಗಾಲದ ಒಂದು ಆದಿತ್ಯವಾರ ಆ ಮಾತು ಚಹಾದ ಬಟ್ಟಲಿನ ಮೇಲೆ ಬಿತ್ತು. ಮಾಸ್ತರಿಗೆ ಮಕ್ಕಳನ್ನೂ ಸಡಿಲು ಬಿಟ್ಟು ರೂಢಿ, ಗಾಡಿಯನ್ನೂ ಸಡಿಲು ಬಿಟ್ಟು ರೂಢಿ ಎಂದ ಅವನು. ಕಲ್ಲು ತಿಕ್ಕುವ ಕೈಗೆ ಎಲ್ಲವನ್ನೂ ಒತ್ತಿ ಹಿಡಿಯುವುದೊಂದೇ ಗೊತ್ತು ಎಂದೆ ನಾನು. ಹಾಸ್ಯವಾಗಿ ಶುರುವಾದದ್ದು ಹಾಸ್ಯವಾಗಿ ಉಳಿಯಲಿಲ್ಲ. ಅವನು ಕೀಲಿಕೈಯನ್ನು ಬೆಂಚಿನ ಮೇಲಿಟ್ಟ.

"ನೀನೇ ಇಟ್ಕೊ ಮಾರಾಯಾ. ನನಗ ಬ್ಯಾಡ ಈ ಗಾಡಿ."

"ನಿಮ್ಮಪ್ಪನ ಗಾಡಿ, ನೀ ಇಟ್ಕೊ. ನಾ ಬಸ್ಸಿಗಿ ಹೋಗ್ತೀನಿ."

ಅವನು ಎದ್ದು ಶಹಾಬಾದ್ ಬಸ್ಸು ನಿಲ್ಲುವಲ್ಲಿಗೆ ಹೋದ, ನಾನು ಸೇಡಂ ಬಸ್ಸು ನಿಲ್ಲುವಲ್ಲಿಗೆ. ಊಹಿಸಿಕೊಳ್ಳಿ: ಒಂದೇ ನಿಲ್ದಾಣದ ಎರಡು ತುದಿಯಲ್ಲಿ ಇಬ್ಬರು ಗಂಡಸರು, ಬೇರೆಬೇರೆ ದಿಕ್ಕಿಗೆ ಮುಖ ಮಾಡಿ, ನಡುವೆ ಯಾರಿಗೂ ಬೇಡವಾದ ಒಂದು ಗಾಡಿ. ನನಗೆ ಸಂಕಟವಾದದ್ದು ಗಾಡಿಗಾಗಿ ಅಲ್ಲ. ಆ ಗಾಡಿ ಹೋದರೆ ತಿಂಗಳ ಮೊದಲ ಆದಿತ್ಯವಾರವೂ ಹೋಗುತ್ತದೆ, ಆಮೇಲೆ ಇವನನ್ನು ನೋಡಲು ನನಗೆ ನೆಪವೇ ಇರುವುದಿಲ್ಲ ಎಂಬುದು ನನಗೆ ಅಲ್ಲಿ ನಿಂತಾಗಲೇ ಹೊಳೆದದ್ದು. ಆದರೂ ಅವನತ್ತ ಹೆಜ್ಜೆ ಇಡಲಿಲ್ಲ. ಬಸ್ಸುಗಳಾದರೂ ಬರಬೇಕಲ್ಲ, ಅವೂ ಬರಲಿಲ್ಲ.

ಕೊನೆಗೆ ಕರೆದವಳು ಶರಣಮ್ಮ. ಗಿರಾಕಿಗಳು ಒಳಗೆ ಬರಲು ದಾರಿಯಿಲ್ಲದೆ ಆಕೆಗೆ ಸಿಟ್ಟು ಬಂದಿತ್ತು.

"ಏನ್ರಿ, ಇಬ್ರಿಗೂ ಬ್ಯಾಡಂದ್ರ ಈ ಗಾಡಿ ನಾ ಒಲಿಗಿ ಹಾಕ್ಲೇನು? ಬಾಗ್ಲಿಗಿ ಅಡ್ಡ ನಿಂತದ, ತಗೀರಿ ಮೊದಲ."

ಇಬ್ಬರೂ ಬಂದೆವು. ಗಾಡಿಯನ್ನು ನೂಕಿ ಪಕ್ಕದ ಬೇವಿನ ಮರದಡಿ ನಿಲ್ಲಿಸಿದೆವು. ನೂಕಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮೈಬೂಬ ನಟ್ಟು ಬಿಚ್ಚುವ ಪಾನಾ ತೆಗೆದ. ಯಾರದು ಸುಳ್ಳು ಎಂದು ಇಲ್ಲೇ, ಈಗಲೇ, ನಾಲ್ಕು ಮಂದಿಯ ಮುಂದೆ ನೋಡಿಬಿಡೋಣ ಎಂಬ ಹಟ. ಶರಣಮ್ಮ ತೂತು ಬೀಳುವ ಹಂತದಲ್ಲಿದ್ದ ಒಂದು ಅಗಲ ತಟ್ಟೆ, ಹಿಟ್ಟು ನಾದುವ ಪರಾತ, ಕೊಟ್ಟಳು. ಮುಚ್ಚಳ ಬಿಚ್ಚಿದಾಗ ಎಣ್ಣೆ ಅದರೊಳಗೆ ಕರ್ರಗೆ ಇಳಿಯಿತು.

ಈಗ ಒಂದು ಮಾತು ಗಮನಿಸಿ. ಆ ಚೈನು ಇರುವುದು ಗಾಡಿಯ ಎಡಕ್ಕೆ, ಇಂಜಿನ್ ತಿರುಗಿಸುವ ಕಿಕ್ಕು ಇರುವುದು ಬಲಕ್ಕೆ. ಒಬ್ಬನೇ ಇದ್ದರೆ ಚೈನು ನಿಂತ ಜಾಗದಲ್ಲೇ ಬೆರಳಿಟ್ಟು ನೋಡಿ, ತಿರುಪು ತಿರುಗಿಸಿ, ಮುಚ್ಚಿಬಿಡುತ್ತಾನೆ. ನಾವು ಇಷ್ಟು ದಿನ ಮಾಡಿದ್ದು ಅದನ್ನೇ. ಅಂದು ಇಬ್ಬರಿದ್ದೆವು. ಅವನು ಆಚೆ ಬದಿ ಕಿಕ್ಕು ಹಿಡಿದ, ನಾನು ಈಚೆ ಬದಿ ಚೈನಿನ ಮೇಲೆ ಬೆರಳಿಟ್ಟೆ. ನನ್ನ ಬೆರಳು ಅವನಿಗೆ ಕಾಣದು, ಅವನ ಕೈ ನನಗೆ ಕಾಣದು. ಬೆರಳು ಇರುವಾಗ ಅವನು ಕಿಕ್ಕು ಒತ್ತಿದರೆ ಬೆರಳೇ ಹೋದೀತು. ಸಿಟ್ಟಿನಲ್ಲಿದ್ದರೂ ಮಾತಾಡಲೇಬೇಕಾಯಿತು.

"ಬೆರಳು ತಗದಿ?"

"ತಗದೀನಿ, ಒತ್ತು."

ಅವನು ತುಸು ಒತ್ತುವುದು, ನಿಲ್ಲಿಸುವುದು. ನಾನು ಮುಟ್ಟಿ ನೋಡಿ ಹೇಳುವುದು. ಸಡ್ಲ ಅದ, ಅಂದೆ. ಮತ್ತೆ ಸಡ್ಲ ಅದ. ಆಚೆಯಿಂದ ಗೆದ್ದವನ ನಗೆ ಕೇಳಿಸಿತು. ಇನ್ನೂ ತುಸು ಒತ್ತಿದ. ಬೆರಳಿಟ್ಟರೆ ಚೈನು ಅಲುಗಲಿಲ್ಲ.

"ನಿಂದ್ರು. ಇಲ್ಲಿ ಬಿಗಿ ಅದ. ಭಾಳ ಬಿಗಿ ಅದ."

ಅವನು ಸುತ್ತಿ ಬಂದು ಮೊಣಕಾಲೂರಿ ತಾನೂ ಬೆರಳಿಟ್ಟು ನೋಡಿದ. ಹಳೆಯ ಚೈನು, ಎಲ್ಲ ಕೊಂಡಿಗಳೂ ಒಂದೇ ಸಮ ಸವೆದಿರಲಿಲ್ಲ. ಒಂದೇ ಚೈನಿನಲ್ಲಿ ಬಿಗಿ ಜಾಗವೂ ಇತ್ತು, ಸಡಿಲ ಜಾಗವೂ ಇತ್ತು. ಒಬ್ಬನ ಬೆರಳು ಇಲ್ಲಿ ಬಿದ್ದಿತ್ತು, ಇನ್ನೊಬ್ಬನದು ಅಲ್ಲಿ.

"ಅಂದ್ರ ಇಬ್ರೂ ಖರೇನೇ ಹೇಳ್ಲಿಕತ್ತಿದ್ವಿ ಏನಲೇ ಮಾಸ್ತರ?" ಎಂದ. ಅವನ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಗಿತ್ತು. ಅಷ್ಟು ತಿಂಗಳ ಸಿಟ್ಟು ಪುಕ್ಕಟೆ ಹೋಗಿತ್ತಲ್ಲ.

ಹದ ಮಾಡಬೇಕಾದದ್ದು ಬಿಗಿ ಜಾಗದಲ್ಲಿ. ಅಲ್ಲಿ ಪೆನ್ಸಿಲ್ಲಿನ ದಪ್ಪದಷ್ಟು ಆಟ ಕೊಟ್ಟರೆ ಉಳಿದ ಕಡೆ ತುಸು ಜೋಲು ಬೀಳುತ್ತದೆ, ಸದ್ದೂ ಮಾಡುತ್ತದೆ. ಆ ಸದ್ದನ್ನು ಸಹಿಸಿಕೊಂಡು ಹೋಗಬೇಕು. ಸಡಿಲ ಜಾಗ ನೋಡಿ ಬಿಗಿದರೆ ಬಿಗಿ ಜಾಗ ಒಂದು ದಿನ ತುಂಡಾಗುತ್ತದೆ. ಅಂದಿನಿಂದ ನನಗೆ ಮನುಷ್ಯರನ್ನು ಕಂಡಾಗಲೂ ಇದು ನೆನಪಾಗುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಉತ್ತರ ಹೇಳದೆ ನಿಂತರೆ, ಬೆರಳು ಎಲ್ಲಿ ಬಿದ್ದಿದೆಯೋ ಎಂದುಕೊಂಡು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಾನೂ ಒಂದು ಮುಂಜಾನೆ ವಾಡಿ ಸ್ಟೇಶನ್ನಿನಲ್ಲಿ ತುಂಡಾಗುವಷ್ಟು ಬಿಗಿದು ನಿಂತಿದ್ದವನೇ. ಅಂದು ಒಬ್ಬ ಗೆಳೆಯ ಸರಿಯಾಗಿ ಆ ಜಾಗಕ್ಕೇ ಬಂದು ತುಸು ಆಟ ಕೊಟ್ಟ.

ಆ ದಿನ ಯಾರೂ ಬಸ್ಸು ಹತ್ತಲಿಲ್ಲ. ಹೊಸ ಎಣ್ಣೆ ಸುರಿದು ಮುಚ್ಚಳ ಹಾಕಿ, ಹದ ಪರೀಕ್ಷಿಸುವ ನೆಪದಲ್ಲಿ ಇಬ್ಬರೂ ಗಾಡಿ ಹತ್ತಿದೆವು. ಹಿಂದೆ ಕೂತ ನಾನು ವಾಡಿ ಸ್ಟೇಶನ್ ಬರುವತನಕ ಎಲ್ಲಿಗೆ ಎಂದು ಕೇಳಲಿಲ್ಲ. ಈಗ ನಮ್ಮ ಕರಾರು ತುಸು ಬದಲಾಗಿದೆ: ಮುಚ್ಚಳ ಬಿಚ್ಚುವುದು ಚಿತ್ತಾಪುರದ ಬೇವಿನ ಮರದಡಿ ಮಾತ್ರ, ಇಬ್ಬರೂ ಇದ್ದಾಗ ಮಾತ್ರ, ಒಂದು ಸಲ ನನ್ನ ಬೆರಳು, ಒಂದು ಸಲ ಅವನದು.

ನಿನ್ನೆ ಬೆರಳಿಡುವ ಪಾಳಿ ಅವನದು. ಇಂದು ಬೆಳಿಗ್ಗೆ ಅವ್ವ ನನ್ನ ಕೈ ಹಿಡಿದು ನೋಡಿ, ಈಗ ಮಾಸ್ತರನ ಕೈ ಆಯಿತು ಎಂದು ಸಂತೋಷಪಟ್ಟಳು. ಶಾಲೆಗೆ ಹೊರಡುವ ಹೊತ್ತಿಗೆ ಮೈಬೂಬನ ಫೋನು ಬಂತು. ಉಗುರಿನ ಕರಿ ಹೋಗವಲ್ದು, ಹೆಂಡತಿ ಹಿಟ್ಟಿನ ಡಬ್ಬಿ ಮುಟ್ಟಗೊಡವಲ್ಲಳು, ಏನು ಹಚ್ಚಿ ತೊಳೆಯುತ್ತಿ ಎಂದು ಕೇಳಿದ. ಏನು ಹಚ್ಚಿದರೂ ಹೋಗುವುದಿಲ್ಲ, ನನ್ನ ಪಾಳಿ ಬರುವತನಕ ಇಟ್ಟುಕೋ ಎಂದೆ. ಆಮೇಲೆ ಕರಿಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದರೆ, ಆ ಬೆಳ್ಳನೆಯ ಉಗುರು ಯಾರದೋ ಬೆರಳಿನದೆಂಬಂತೆ ಕಂಡಿತು.