ಹರಕೆ ಹಂದಿಯ ಮೈಮೇಲಿನ ಕೆಂಪು

ನಿನ್ನಮ್ಮ ನಿನ್ನನ್ನು ಬಿಟ್ಟು ಹೋಗಲಿಲ್ಲ, ಪುಟ್ಟಿ. ನಾನೇ ಕಳಿಸಿದೆ. ಸುಳ್ಳು ಹೇಳಿ ಕಳಿಸಿದೆ.

ನಿನ್ನೆ ನೀನು ಕಾಲೇಜಿನಿಂದ ಬಂದು, ಆ ಬಿಳಿ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಕೂಲಿ ಮಾಡಿದವರ ಮನೆಯಲ್ಲಿ ದನದ ಡಾಕ್ಟರು! ನಮ್ಮ ನಾರ್ವೆ ಹಳ್ಳಿಯ ಅರ್ಧ ಜನರನ್ನೇ ಕರೆದು ತೋರಿಸಿದೆ. ಆಮೇಲೆ ನೀನು ಜಗಲಿಯಲ್ಲಿ ಕೂತು ಪಾಠ ಓದುತ್ತಿದ್ದೆ — ಎರಿಸಿಪೆಲೋಥ್ರಿಕ್ಸ್ ರುಸಿಯೋಪಥಿಯೇ.

"ಇದೆಂತ ಮಾರಾಯ್ತಿ, ಹಂದಿಗಿಂತ ಉದ್ದ ಹೆಸರು!" ಎಂದೆ.

"ಹಂದಿಗೆ ಬರೋ ರೋಗಾಣು ಅಜ್ಜಿ. ಗ್ರೀಕ್ ಮಾತು. ಕೆಂಪು, ಚರ್ಮ, ಕೂದಲೆಳೆ — ಮೂರೂ ಸೇರಿ ಮೊದಲ್ನೇ ಹೆಸರು. ಎರಡ್ನೇದು ಅಂದ್ರೆ ಕೆಂಪು ರೋಗ. ಹಂದಿ ಮೈಮೇಲೆ ಕೆಂಪಗೆ ಗುರುತು ಏಳ್ತದೆ."

"ಚೌಕ ಚೌಕ?"

"ಹೌದು! ನಿಂಗೆ ಹೆಂಗೆ ಗೊತ್ತು?"

ಎಲ್ಲೋ ನೋಡಿದ್ದೆ ಎಂದೆ. ಎಲ್ಲೋ ಅಲ್ಲ — ನಮ್ಮ ಹಿತ್ತಿಲಲ್ಲೇ.

ನೀನು ತೊಟ್ಟಿಲಲ್ಲಿದ್ದಾಗ ಉಸಿರು ಕಟ್ಟುವಂಥ ಜ್ವರ ಬಂತು. ಮಗು ಉಳಿದರೆ ಹಂದಿ ಕೊಡುತ್ತೇನೆಂದು ದೈವಕ್ಕೆ ಹರಕೆ ಹೊತ್ತೆ. ನೀನು ಉಳಿದೆ. ಹರಕೆಯ ಹಂದಿಗೆ ಎಂಜಲು ಹಾಕಬಾರದು, ಮೀನು ಮಾಂಸದ ನೀರು ಸೋಕಬಾರದು. ಶುದ್ಧ ಗಂಜಿ ಮಾತ್ರ. ಒಂದು ದಿನ ಗಂಜಿ ಮುಗಿದಿತ್ತು, ನನಗೆ ಬೇಸಾಯದ ಕೆಲಸದಿಂದ ಸೊಂಟ ಬಿದ್ದುಹೋಗಿತ್ತು. ಬೂತಾಯಿ ಮೀನು ತೊಳೆದ ನೀರಿಗೆ ತೌಡು ಕಲಸಿ ಸುರಿದೆ. ತಿರುಗಿದರೆ ನಿನ್ನಮ್ಮ ಸರೋಜ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ನೋಡಿದ್ದಳು.

ಕೆಲವೇ ದಿನಕ್ಕೆ ಹಂದಿಯ ಬೆನ್ನ ಮೇಲೆ ಕೆಂಪು ಚೌಕಗಳು ಎದ್ದವು, ಕಾದ ಕಬ್ಬಿಣದಿಂದ ಬರೆ ಎಳೆದ ಹಾಗೆ. ಹಂದಿ ಸತ್ತಿತು. ದೈವ ಮೈಮೇಲೆ ಬರುವ ಪಾತ್ರಿ ಬಂದು ನೋಡಿ, ಹರಕೆ ಮೈಲಿಗೆಯಾಗಿದೆ, ಯಾರಿಂದ ಹೇಳಿ ಎಂದ. ಎಲ್ಲರೂ ನಮ್ಮ ಮನೆಯವರ ಮುಖ ನೋಡಿದರು. ನನ್ನ ನಾಲಿಗೆ —

"ಸರೋಜ ಮುಟ್ಟಾದಾಗ ಹಂದಿ ಗೂಡಿಗೆ ಹೋಗಿದ್ಲು. ನಾನೇ ಕಣ್ಣಾರೆ ಕಂಡೆ."

ಅವಳು ನನ್ನ ಮುಖವನ್ನೇ ನೋಡಿದಳು. ಮೀನಿನ ನೀರಿನ ಮಾತು ಅವಳ ಬಾಯಲ್ಲೇ ಇತ್ತು, ನನಗೆ ಗೊತ್ತು. ಕೊನೆಗೆ, "ಅತ್ತೆ ಹೇಳಿದ ಮೇಲೆ ಆಯ್ತಲ್ಲ" ಎಂದಳು, ಅಷ್ಟೆ. ನಿನ್ನಪ್ಪ ತಲೆ ತಗ್ಗಿಸಿದ. ಅವಳ ಅಣ್ಣಂದಿರು ಬಂದು ತವರೂರು ಕೆರೆಕಟ್ಟೆಗೆ ಕರೆದುಕೊಂಡು ಹೋದರು. ಹರಕೆಯ ಮಗು ಮನೆ ದಾಟಬಾರದೆಂದು ನಿನ್ನನ್ನು ಅವಳ ಮಡಿಲಿಂದ ಕಿತ್ತುಕೊಂಡವಳೂ ನಾನೇ.

ಮಾತು ಬಂದ ಮೇಲೆ ನೀನು ಕೇಳಿದೆ, ಅಮ್ಮ ಎಲ್ಲಿ ಎಂದು. ಬಿಟ್ಟು ಹೋದಳು ಎಂದೆ ನಾನು. ಪ್ರತಿ ಮಳೆಗಾಲಕ್ಕೆ ಮುಂಚೆ ಅವಳು ಹೆಣೆದ ಸ್ವೆಟರು ಬರುತ್ತಿತ್ತು — ವರ್ಷ ವರ್ಷಕ್ಕೂ ದೊಡ್ಡದಾಗುತ್ತಾ, ನಿನ್ನ ಅಳತೆಯನ್ನು ಯಾರನ್ನು ಕೇಳುತ್ತಿದ್ದಳೋ. ಬಾಳೆಹೊನ್ನೂರು ಪೇಟೆಯಿಂದ ನಾನೇ ಕೊಂಡು ತಂದೆ ಎಂದು ಸುಳ್ಳು ಹೇಳಿ ತೊಡಿಸುತ್ತಿದ್ದೆ. ನೀನು ನನ್ನ ಕೊರಳಿಗೆ ಜೋತು ಬೀಳುತ್ತಿದ್ದೆ. ಆ ಅಪ್ಪುಗೆಗಳು ಅವಳವು. ನಾನು —

ನಿನ್ನೆ ನಾನು ಮತ್ತೆ ಕೇಳಿದೆ, "ಮೀನು ತೊಳೆದ ನೀರಿಂದ ಬರ್ತದಾ ಅದು?"

"ಬರಬಹುದು. ಮೀನಿನ ಲೋಳೆಯಲ್ಲಿ ಇರ್ತದೆ, ಮಣ್ಣಲ್ಲೂ ಇರ್ತದೆ, ಹಂದಿ ಗಂಟಲಲ್ಲೇ ಸುಮ್ನೆ ಕೂತಿರ್ತದೆ."

"ಮುಟ್ಟಾದವಳು ಗೂಡಿಗೆ ಹೋದ್ರೆ?"

ನೀನು ಬಿದ್ದು ಬಿದ್ದು ನಕ್ಕೆ. "ಅಯ್ಯೋ ಅಜ್ಜಿ, ಅದಕ್ಕೂ ಇದಕ್ಕೂ ಎಂತ ಸಂಬಂಧ!"

ರೋಗ ಗೊತ್ತಿರಲಿಲ್ಲ, ನಿಜ. ಆದರೆ ಸರೋಜ ಗೂಡಿಗೆ ಹೋಗಿರಲಿಲ್ಲ ಎಂಬುದು ಅವತ್ತೇ ಗೊತ್ತಿತ್ತು.

ನಾಳೆ ಬೆಳಗಿನ ಬಸ್ಸಿಗೆ ಕೆರೆಕಟ್ಟೆಗೆ ಹೋಗುತ್ತೇನೆ. ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು, ಅವಳ ಅಣ್ಣಂದಿರಿಗೂ ಕೇಳಿಸುವಂತೆ ನಿಜ ಹೇಳುತ್ತೇನೆ. ನೀನೂ ಬಾ, ಪುಟ್ಟಿ. ಆದರೆ ಅಲ್ಲಿ ನನ್ನ ಪಕ್ಕ ನಿಲ್ಲಬೇಡ. ಅವಳ ಪಕ್ಕ ನಿಲ್ಲು.