ಆಡಿ ತಿಂಗಳ ಹ್ಯಾಂಡ್‌ಬಾಲ್

ಈ ವರ್ಷ ಆಡಿ ತಿಂಗಳ ಮೊದಲ ಸೋಮವಾರ ಭಾರತ ಮಹಿಳಾ ಹ್ಯಾಂಡ್‌ಬಾಲ್ ತಂಡದ ತರಬೇತಿ ಶಿಬಿರಕ್ಕೆ ಕೆಲವು ದಿನಗಳ ಬಿಡುವು ಸಿಕ್ಕಿತು. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರ ಮಗಳು ಬುಧವಾರ ಬೆಳಿಗ್ಗೆ ರೈಲಿಳಿದು ಬಂದಳು. ಏಷ್ಯಾ ಚಾಂಪಿಯನ್‌ಷಿಪ್ ಈ ಸಲ ನಮ್ಮ ದೇಶದಲ್ಲೇ, ಉತ್ತರದ ಒಂದು ನಗರದಲ್ಲಿ. ಶಿಬಿರದಲ್ಲಿದ್ದವರಲ್ಲಿ ಹದಿನಾರು ಮಂದಿಯನ್ನು ಆರಿಸುವುದು ಬಾಕಿಯಿತ್ತು. ಬಿಡುವು ಮುಗಿದ ಕೂಡಲೇ ಕೊನೆಯ ಆಯ್ಕೆ. ಆ ಹದಿನಾರರಲ್ಲಿ ತಾನಿರುತ್ತೇನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ನಾನು ಬೆಂಗಳೂರಿನ ಒಂದು ಕನ್ನಡ ಪತ್ರಿಕೆಗೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಂದ ವರದಿ ಕಳಿಸುವವನು. ನೂಲಿನ ಬೆಲೆ, ಬನಿಯನ್ ಕಂಪನಿಗಳ ರಫ್ತು, ಹೊಳೆಯ ನೀರಿಗೆ ಬಿದ್ದ ಬಣ್ಣ ನನ್ನ ನಿತ್ಯದ ಸುದ್ದಿ. ಹಿಂದೆ ಕೆಲ ಕಾಲ ಕ್ರೀಡಾಪುಟದಲ್ಲಿದ್ದೆ. ನಾನಿರುವುದು ಮಹಡಿಯಲ್ಲಿ; ಕೆಳಗಿರುವ ಮಾಲೀಕರ ಮನೆಯವರು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಲ್ಲಿ ಯಾರಿಗೂ ಬಾರದು. ನನ್ನ ವರದಿ ಅಚ್ಚಾದ ದಿನ ನಾನೇ ಕೆಳಗಿಳಿದು ಓದಿ ಹೇಳುವುದು ರೂಢಿ.

ಅವಳು ಬ್ಯಾಗು ಇಳಿಸುವ ಮೊದಲೇ ಎದುರು ಮನೆಯಾಕೆ ಕಾಂಪೌಂಡಿನ ಮೇಲಿಂದ ತಮಿಳಿನಲ್ಲಿ ಕೇಳಿದಳು: “ಎನ್ನ ಪಾಪಾ, ಆಡಿಕ್ಕು ವಂದಿಯಾ?”

ಏನು ಮಗೂ, ಆಡಿಗೆ ಬಂದೆಯಾ ಎಂದು. ಆಡಿ ಎಂದರೆ ಹೆಚ್ಚುಕಡಿಮೆ ನಮ್ಮ ಆಷಾಢ. ಹೊಸದಾಗಿ ಮದುವೆಯಾದವಳು ತವರಿಗೆ ಬಂದು ಕೂರುವ ತಿಂಗಳು. ಮದುವೆಯಾಗದವಳನ್ನು ಹಾಗೆ ಕೇಳುವುದು ಕೀಟಲೆ. ಅವಳ ಅಜ್ಜಿ ಒಳಗಿನಿಂದಲೇ ಕನ್ನಡದಲ್ಲಿ, “ಆಡಕ್ ಹೋಗಿದ್ಲು, ಆಡಿ ಬಂದ್ಲು. ನಿಂಗೇನಮ್ಮ?” ಎಂದರು. ಎದುರು ಮನೆಯಾಕೆಗೆ ಕನ್ನಡ ತಿಳಿಯದು. ನಗು ನಮ್ಮ ಗೇಟಿನೊಳಗೇ ಉಳಿಯಿತು.

ಅವಳ ಚಿಂತೆ ಒಂದೇ: ಗಮ್ಮು. ದೊಡ್ಡ ಪಂದ್ಯಗಳಲ್ಲಿ ಹ್ಯಾಂಡ್‌ಬಾಲ್ ಆಟಗಾರರು ಬೆರಳಿಗೆ ಒಂದು ಬಗೆಯ ಅಂಟು ಹಚ್ಚಿಕೊಳ್ಳುತ್ತಾರೆ. ಚೆಂಡು ಒಂದೇ ಕೈಯಲ್ಲಿ ನಿಲ್ಲುತ್ತದೆ, ಮಣಿಕಟ್ಟು ತಿರುಗಿಸಿ ಎಸೆದರೆ ಗೋಲ್‌ಕೀಪರ್ ಕಾಲ ಬಳಿ ಪುಟಿದು ಒಳಕ್ಕೆ ತಿರುಗುತ್ತದೆ. ಇವಳು ಕಲಿತದ್ದು ಸಿಂಗಾನಲ್ಲೂರು ಕೆರೆಯ ಕಡೆಯ ಮಣ್ಣಿನ ಅಂಗಳದಲ್ಲಿ. ಮಣ್ಣಿನಲ್ಲಿ ಗಮ್ಮು ಹಚ್ಚಿದರೆ ಚೆಂಡು ಉಂಡೆಯಾಗುತ್ತದೆ. ಹಾಗಾಗಿ ಶಾಲೆ, ಕಾಲೇಜು, ರಾಜ್ಯ ತಂಡ, ಎಲ್ಲ ಕಡೆ ಬರಿಗೈಯಲ್ಲೇ ಆಡಿದಳು. ಅಂಕಣದ ಎಡ ಅಂಚಿನಿಂದ ಓಡಿಬಂದು ಹಾರಿ ಎಸೆಯುವುದು ಅವಳ ಕೆಲಸ. ಶಿಬಿರದಲ್ಲಿ ಗಮ್ಮು ಹಚ್ಚಿ ಹಾರಿದಾಗ ಚೆಂಡು ಬೆರಳನ್ನು ತಡವಾಗಿ ಬಿಡುತ್ತಿತ್ತು. ಗೋಲಿಗೆ ಹೋಗಬೇಕಾದದ್ದು ನೇರ ನೆಲಕ್ಕೆ ಬೀಳುತ್ತಿತ್ತು.

“ಚೆಂಡು ಕೈಬಿಡ್ತಾನೇ ಇಲ್ಲ ಅಣ್ಣಾ,” ಎಂದಳು ನನಗೆ.

ಅವಳ ಅಪ್ಪ ಅಲ್ಲೇ ಕಾಫಿ ಆರಿಸುತ್ತಿದ್ದರು. “ಊರಲ್ಲಿ ಎಲ್ಲಾರೂ ಕೈಬಿಟ್ಬುಟ್ರು ಅಂತ ಅಳ್ತಾರೆ. ಇವ್ಳು ಕೈಬಿಡಲ್ಲ ಅಂತ ಅಳ್ತಾಳೆ ನೋಡಿ ಸಾರ್.”

“ಅಪ್ಪಾ, ಸುಮ್ನಿರಿ.”

ಗುರುವಾರ ಅವಳು ಮನೆಯ ಪಕ್ಕದ ಮಗ್ಗದ ಶೆಡ್ಡಿನ ಗೋಡೆಗೆ ಗಮ್ಮು ಹಚ್ಚಿದ ಚೆಂಡು ಎಸೆದು ನೋಡಿದಳು. ಶೆಡ್ಡಿನ ತುಂಬ ಹತ್ತಿಯ ಪುಡಿ ಹಾರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಚೆಂಡಿಗೆ ಬಿಳಿ ರೋಮ ಬಂದಿತ್ತು. ಅಜ್ಜಿ ಅದನ್ನೆತ್ತಿ, “ಮೊಲ ಸಾಕ್ತಾ ಇದ್ದೀಯಾ?” ಎಂದರು. ತಾರಸಿಗೆ ಹೋದರೆ ಗಾಳಿ. ಆಡಿ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂಬುದು ಇಲ್ಲಿಯ ಗಾದೆ. ಅಮ್ಮಿಕಲ್ಲೆಂದರೆ ಚಟ್ನಿ ಅರೆಯುವ ಕಲ್ಲು. ಪಾಲಕ್ಕಾಡು ಕಣಿವೆಯಿಂದ ಮದುಕ್ಕರೈ ದಾಟಿ ನುಗ್ಗುವ ಗಾಳಿ ಹೊತ್ತು ತಂದ ಧೂಳು ಚೆಂಡಿನ ಮೇಲೆ ಕೂತಿತು. ಅವಳು ಅಂಟು ಕೆರೆದು ತೆಗೆದು ಬರಿಯ ಚೆಂಡನ್ನೇ ಗೋಡೆಗೆ ಹೊಡೆಯತೊಡಗಿದಳು. ಮಗ್ಗದ ಸದ್ದಿಗೆ ಒಂದು ತಾಳವಿದೆ, ನನಗೆ ಅದು ಅಭ್ಯಾಸವಾಗಿದೆ. ಚೆಂಡಿನ ಸದ್ದಿಗೆ ತಾಳವಿರಲಿಲ್ಲ. ಮೇಲೆ ಕೂತು ನೂಲಿನ ಬೆಲೆಯ ವರದಿ ಬರೆಯಲು ಹೋಗಿ, ಮುಂದಿನ ಏಟು ಯಾವಾಗ ಬೀಳುತ್ತದೆಂದು ಕಾಯುತ್ತ ಕೂತೆ.

ಅದೇ ಮಧ್ಯಾಹ್ನ ಬೆಂಗಳೂರಿನಿಂದ ಕ್ರೀಡಾಪುಟದ ಮುಖ್ಯಸ್ಥರು ಫೋನ್ ಮಾಡಿದರು. ಭಾನುವಾರದ ಪುಟಕ್ಕೆ ತಂಡದ ಸಾಧ್ಯತೆಗಳ ಬಗ್ಗೆ ಲೇಖನ ಬೇಕು, ಶನಿವಾರ ಸಂಜೆಯೊಳಗೆ.

“ನಿಮ್ಮ ಮನೆಯಲ್ಲೇ ಒಬ್ಬಳು ಇದ್ದಾಳಂತಲ್ಲ ಮಾರಾಯ್ರೇ. ಅವಳ ಮೇಲೇ ಬರೆದುಬಿಡಿ.”

“ಮನೆ ಮಾಲೀಕರ ಮಗಳ ಮೇಲೆ ನಾನು ಬರೆಯೋದು ಸರಿಯಲ್ಲ ಸರ್. ತಂಡದ ಮೇಲೆ ಬರೀತೇನೆ.”

“ಆಯ್ತು. ಆದರೆ ಮೊದಲ ನಾಲ್ಕರಲ್ಲಿ ಬರ್ತಾರೋ ಇಲ್ಲವೋ, ಒಂದು ಕಡೆ ನಿಂತು ಹೇಳಿ. ಆದರೂ ಆಗಬಹುದು, ಹೋದರೂ ಹೋಗಬಹುದು ಅಂತ ಬರೀಬೇಡಿ.”

ಶುಕ್ರವಾರ ಅವಳ ಅಪ್ಪ ಒಂದು ದಾರಿ ಹುಡುಕಿದರು. ಆಡಿಯಲ್ಲಿ ಮದುವೆ ಇಲ್ಲ. ಕಲ್ಯಾಣ ಮಂಟಪಗಳೆಲ್ಲ ಬೀಗ ಹಾಕಿಕೊಂಡಿರುತ್ತವೆ. ಕಿಣತ್ತುಕಡವಿನಲ್ಲಿ ಅವರ ಪರಿಚಯದವರ ಮಂಟಪವಿತ್ತು: ದೊಡ್ಡ ಹಾಲ್, ಟೈಲ್ಸ್ ನೆಲ, ಬಾಗಿಲು ಮುಚ್ಚಿದರೆ ಧೂಳಿಲ್ಲ. ನೂಲು ಸಾಗಿಸುವ ವ್ಯಾನಿನಲ್ಲಿ ಮೂವರೂ ಹೋದೆವು. ಕಾವಲುಗಾರ ಬೀಗ ತೆಗೆದು ನಮ್ಮನ್ನೊಮ್ಮೆ ನೋಡಿದ. “ಪೊಣ್ಣು ವಂದಾಚ್ಚು. ಮಾಪ್ಪಿಳ್ಳೈ ಎಂಗೇಂಗ?” ಹೆಣ್ಣು ಬಂದಾಯಿತು, ಗಂಡೆಲ್ಲಿ ಎಂದು.

“ಇದಾನಲ್ಲ,” ಎಂದು ಅವಳು ಚೆಂಡು ತೋರಿಸಿದಳು.

ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಕಂಬ ಮಾಡಿದೆವು. ಹಿಂದೆ ಜಮಖಾನ ತೂಗುಹಾಕಿದೆವು. ಅವಳ ಅಪ್ಪ ಪಂಚೆ ಎತ್ತಿ ಕಟ್ಟಿ ನಡುವೆ ನಿಂತರು. “ನಾನೀಗ ಕೊರಿಯಾ. ಹಾಕು ನೋಡ್ವ.”

ಅವಳು ಮೂಲೆಯಿಂದ ಓಡಿದಳು, ಹಾರಿದಳು. ಚೆಂಡು ಟೈಲ್ಸಿಗೆ ಬಡಿದು ಕೊರಿಯಾದ ತಲೆಯ ಮೇಲೆ ಹೋಯಿತು. ಮತ್ತೆ ಓಡಿದಳು, ಮತ್ತೆ ಹಾಗೇ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಪ್ರತಿ ಸಲ ಬೆರಳು ನೋಡಿಕೊಳ್ಳುತ್ತಿದ್ದಳು. ನೆಲದ ತುಂಬ ಅಂಟಿನ ಕಂದು ಗುರುತುಗಳು ಬಿದ್ದವು. ಕಾವಲುಗಾರ ತಲೆ ಕೆರೆದುಕೊಂಡ. ಹಲಸು ಬಿಡಿಸಿದ ಕೈಯನ್ನು ತೊಳೆಯುವಂತೆ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಮೂವರೂ ಕೂತು ಒರೆಸಿದೆವು.

ವಾಪಸ್ ಬರುವಾಗ ವ್ಯಾನಿನಲ್ಲಿ ನಾನು ಕೇಳಬೇಕಾದದ್ದನ್ನು ಕೇಳಿದೆ. “ಮೊದಲ ನಾಲ್ಕು ಆಗುತ್ತಾ?”

ಅವಳು ಕಿಟಕಿಯ ಗಾಜನ್ನು ಏರಿಸಿದಳು, ಇಳಿಸಿದಳು. “ಬರೀಬೇಡಿ ಅನ್ನಲ್ಲ ಅಣ್ಣಾ. ನಾನ್ ಹೇಳ್ದೆ ಅಂತ ಬರೀಬೇಡಿ.”

“ಬರೆಯಲ್ಲ.”

“ಕೊರಿಯಾ, ಜಪಾನು ಹುಡ್ಗೀರು ಚಿಕ್ಕೋರಿಂದ್ಲೇ ಗಮ್ಮಲ್ಲಿ ಆಡಿದೋರು. ನಾವೀಗ ತಾನೆ ಮುಟ್ತಾ ಇದ್ದೀವಿ. ಓಡೋದ್ರಲ್ಲಿ ನಾವೇನ್ ಕಮ್ಮಿ ಇಲ್ಲ. ನಡುವಲ್ಲಿ ಎಲ್ಲೋ ನಿಲ್ತೀವಿ.” ಗಾಜನ್ನು ಮತ್ತೆ ಏರಿಸಿ, “ನಾನ್ ನಿಲ್ತೀನೋ ಇಲ್ವೋ, ಅದು ಬೇರೆ,” ಎಂದಳು.

ಶನಿವಾರ ಬೆಳಿಗ್ಗೆ ಮತ್ತೆ ಮಂಟಪ. ಆ ದಿನ ಅವಳು ಎಲ್ಲ ಬೆರಳಿಗೂ ಹಚ್ಚುವುದನ್ನು ಬಿಟ್ಟು ಎರಡು ಬೆರಳ ತುದಿಗೆ ಮಾತ್ರ ಹಚ್ಚಿಕೊಂಡಳು. ಕೆಲವು ಎಸೆತ ಜಮಖಾನಕ್ಕೆ ಬಡಿದವು, ಕೆಲವು ಮೊದಲಿನಂತೆ ನೆಲಕ್ಕೆ. ಕುದುರಿತು ಎನ್ನುವಂತಿರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ. ಸಂಜೆ ನಾನು ಲೇಖನ ಕಳಿಸಿದೆ. ಏಷ್ಯಾದ ಬಲಿಷ್ಠ ತಂಡಗಳ ಎದುರು ಭಾರತ ಮೊದಲ ನಾಲ್ಕರಲ್ಲಿ ಸ್ಥಾನ ಪಡೆಯುವ ಸಾಧ್ಯತೆ ಕಡಿಮೆ, ಒಂದೆರಡು ಪಂದ್ಯ ಗೆದ್ದು ನಡುವಿನ ಸ್ಥಾನದಲ್ಲಿ ಮುಗಿಸಬಹುದು ಎಂದು ಬರೆದೆ. ಎಡ ಅಂಚಿನ ಆಟದ ಬಗ್ಗೆ ಏನೂ ಬರೆಯಲಿಲ್ಲ. ನಾನು ನೋಡಿದ್ದು ಮಂಟಪವನ್ನು, ಶಿಬಿರವನ್ನಲ್ಲ.

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಪುಟ ತೆರೆದುಕೊಂಡು ಕೆಳಗಿಳಿದೆ. ತಲೆಬರಹ ಡೆಸ್ಕಿನವರು ಕೊಟ್ಟದ್ದು: ‘ತವರಿನ ಬಲ ಭಾರತಕ್ಕೆ ವರವಾದೀತೇ?’ ಒಂದಕ್ಷರ ಬಿಡದೆ ಓದಿದೆ. ಸಾಧ್ಯತೆ ಕಡಿಮೆ ಎಂಬಲ್ಲಿ ಅವಳ ಅಪ್ಪ ಕೈ ಎತ್ತಿದರು.

“ಸಾಧ್ಯತೆ ಅಂದ್ರೆ ವಾಯ್ಪ್ಪಾ ಸಾರ್? ಚಾನ್ಸಾ?”

“ಹೌದು.”

“ಕಮ್ಮಿ ಅಂತೀರಿ.” ಮಗಳ ಕಡೆ ನೋಡಿದರು. “ಸರಿ, ಇರೋದನ್ನ ತಾನೆ ಬರೀಬೇಕು.”

“ಸರಿಯಾಗೇ ಬರ್ದಿದ್ದಾರಪ್ಪ,” ಎಂದಳು ಅವಳು.

ಅಜ್ಜಿ ಮಾತ್ರ ತಲೆಬರಹದಲ್ಲೇ ನಿಂತಿದ್ದರು. “ಇರು ತಂಬೀ. ತೌರು ಅಂದ್ಯಲ್ಲ. ಯಾರ್ ತೌರು?”

“ನಮ್ಮ ದೇಶದಲ್ಲಿ ಆಟ ನಡೆದರೆ ಪತ್ರಿಕೆಯವರು ತವರು ಅಂತ ಬರೀತಾರೆ ಅಜ್ಜಿ.”

“ಆ ಊರು ಎಷ್ಟು ದೂರ?”

“ರೈಲಲ್ಲಿ ಎರಡು ರಾತ್ರಿ.”

“ಅಲ್ಲಿ ನಮ್ಮೋರು ಯಾರವ್ರೆ?”

“ಯಾರೂ ಇಲ್ಲ.”

“ಯಾರೂ ಇಲ್ದಿದ್ದು ತೌರಾ? ತೌರು ಅಂದ್ರೆ ಬಾಗ್ಲಲ್ಲಿ ಒಬ್ರು ನಿಂತಿರ್ಬೇಕು. ಪೇಪರ್‌ನಲ್ಲಿ ಪೊಯ್ ಬರೀತಾರಾ, ಇಂಥ ಸುಳ್ಳು?”

“ಅಮ್ಮಾ, ಅದು ಸುಮ್ನೆ ಒಂದು ಮಾತು,” ಎಂದರು ಅವಳ ಅಪ್ಪ.

“ಸುಮ್ನೆ ಅಂದ್ರೆ ಆ ಮಾತು ತೆಗಿಯಕ್ ಹೇಳು. ಇಲ್ಲಾಂದ್ರೆ ಟಿಕೆಟ್ ತೆಗಿ.”

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. “ಅಜ್ಜೀ, ನಾನಿನ್ನೂ ಟೀಮಲ್ಲೇ ಇಲ್ಲ. ಟಿಕೆಟ್ ತೆಗ್ದು ಏನ್ ಮಾಡ್ತೀರ? ಅಲ್ಲಿ ಕೂತು ಬೇರೇವ್ರ ಮಕ್ಕಳ್ನ ನೋಡ್ತೀರಾ?”

“ಇಲ್ಲಾಂದ್ರೆ ಕ್ಯಾನ್ಸಲ್ ಮಾಡ್ಸಿದ್ರಾಯ್ತು.”

“ಮೊದ್ಲು ತೆಗೀಬೇಡಿ. ಲಿಸ್ಟ್ ಬರ್ಲಿ. ಪ್ಲೀಸ್.” ಅವಳು ಎದ್ದು ಶೆಡ್ಡಿನ ಕಡೆ ಹೋದಳು. ಭಾನುವಾರ ಮಗ್ಗಗಳಿಗೆ ರಜೆ. ಚೆಂಡಿನ ಸದ್ದು ಮಾತ್ರ ಕೇಳಿಸಿತು, ಬಹಳ ಹೊತ್ತು. ರಾತ್ರಿಯ ರೈಲಿಗೆ ಅವಳು ಹೊರಟಳು. ಬ್ಯಾಗಿನಲ್ಲಿ ಅಜ್ಜಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಇಟ್ಟಿದ್ದರು.

ಸೋಮವಾರ ಅವಳ ಅಪ್ಪ ಮೇಲೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. “ಸಾರ್, ಟಿಕೆಟ್ ತೆಗ್ದುಬುಟ್ಟೆ. ಅಮ್ಮಂಗೂ ನಂಗೂ. ವೇಟಿಂಗ್ ಲಿಸ್ಟು. ಪಾಪಂಗೆ ಹೇಳ್ಬೇಡಿ.”

“ನನ್ನನ್ನು ಕೇಳಿದರೆ ಸುಳ್ಳು ಹೇಳಲ್ಲ.”

“ಕೇಳಲ್ಲ. ನೀವಾಗಿ ಹೇಳ್ಬೇಡಿ, ಅಷ್ಟೇ.”

ಆಯ್ಕೆ ಶುರುವಾಯಿತು. ಶಿಬಿರದಲ್ಲಿ ಹಗಲು ಫೋನ್ ಕೊಡುವುದಿಲ್ಲ, ಸಂಜೆ ಸ್ವಲ್ಪ ಹೊತ್ತು ಮಾತ್ರ. ಅವಳ ಅಪ್ಪ ಹಗಲೆಲ್ಲ ಫೋನನ್ನು ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ, ಅಲ್ಲಿಂದ ಮಗ್ಗದ ಚೌಕಟ್ಟಿನ ಮೇಲಕ್ಕೆ ಬದಲಿಸುತ್ತಿದ್ದರು. ಒಂದು ಮಗ್ಗದಲ್ಲಿ ನೂಲು ಕಡಿದು ನಿಂತದ್ದನ್ನೂ ಅವರು ಗಮನಿಸಲಿಲ್ಲ. ಅಜ್ಜಿ ಕೂಗಿ ಹೇಳಬೇಕಾಯಿತು. ನಾನು ತಿರುಪ್ಪೂರಿಗೆ ಹೋಗಿ ರಫ್ತುದಾರರ ಸಭೆಯಲ್ಲಿ ಕೂತೆ, ಟಿಪ್ಪಣಿ ಮಾಡಿಕೊಂಡೆ. ಬಸ್ಸಿನಲ್ಲಿ ವಾಪಸ್ ಬರುತ್ತ ನೋಡಿದರೆ ಒಂದೇ ಅಂಕಿಯನ್ನು ಎರಡು ಕಡೆ ಎರಡು ಬಗೆಯಾಗಿ ಬರೆದಿದ್ದೆ. ಫೋನ್ ಮಾಡಿ ಕೇಳಿ ಸರಿಪಡಿಸಿಕೊಂಡೆ.

ಬುಧವಾರ ಸಂಜೆ ಅವಳ ಕರೆ ಬಂತು. ಅಪ್ಪ ಸ್ಪೀಕರ್ ಹಾಕಿದರು.

“ಎಂಗೋಯ್ತು?”

“ಎರಡು ಬೆರಳಿಗೆ ಮಾತ್ರ ಹಚ್ಚಿದ್ದೆ. ಮೊದ್ಲಿಂದು ನೆಲಕ್ಕೆ ಹೋಯ್ತು. ಆಮೇಲೆ ಪರವಾಯಿಲ್ಲ.”

“ಪರವಾಯಿಲ್ಲ ಅಂದ್ರೆ?”

“ಪರವಾಯಿಲ್ಲ ಅಂದ್ರೆ ಪರವಾಯಿಲ್ಲ ಅಪ್ಪಾ. ಕೋಚ್ ಏನೂ ಹೇಳ್ಲಿಲ್ಲ. ಬರ್ಕೊಂಡ್ರು.”

“ಬರ್ಕೊಳ್ವಾಗ ಮೊಗ ಎಂಗಿತ್ತು?” ಅಜ್ಜಿ ಕೇಳಿದರು.

“ಬಗ್ಗಿ ಬರೀತಿದ್ರು ಅಜ್ಜಿ. ತಲೆ ಕಾಣ್ತಿತ್ತು.”

ಗುರುವಾರ ಕರೆ ಬರಲಿಲ್ಲ. ಕ್ರೀಡಾಪುಟದ ಮುಖ್ಯಸ್ಥರಿಗೆ ನಾನೇ ಎರಡು ಸಲ ಫೋನ್ ಮಾಡಿದೆ. ಪಟ್ಟಿ ಬಂದಿಲ್ಲ ಎಂದರು. ಮೂರನೆಯ ಸಲ ಮಾಡಿದಾಗ, “ಬಂದ ತಕ್ಷಣ ಕಳಿಸ್ತೇನೆ, ಸ್ವಲ್ಪ ಸುಧಾರಿಸಿಕೊಳ್ಳಿ ಮಾರಾಯ್ರೇ,” ಎಂದರು.

ಶುಕ್ರವಾರ ಸಂಜೆ ಪಟ್ಟಿ ಪ್ರಕಟವಾಯಿತು. ಎಡ ಅಂಚಿಗೆ ಇಬ್ಬರನ್ನು ಆರಿಸಿದ್ದಾರೆ. ಎರಡನೆಯ ಹೆಸರು ಅವಳದು.